ಅವಧಿ ಮುಗಿದ ಡೊಮೈನ್ ವಾಪಸ್ ಪಡೆಯುವುದು: ರಿನ್ಯೂ, ರಿಡೆಂಪ್ಶನ್, ಹರಾಜು, ದೂರು – ಯಾವುದು ಯಾವಾಗ?

ನಾನು ನೋಡಿಕೊಳ್ಳುತ್ತಿದ್ದ ಒಂದು ಸಣ್ಣ ಸಂಸ್ಥೆಯ ವೆಬ್‌ಸೈಟ್ ಒಂದು ಸೋಮವಾರ ಬೆಳಿಗ್ಗೆ ಕಾಣೆಯಾಗಿತ್ತು. ವಿಳಾಸ ಟೈಪ್ ಮಾಡಿದರೆ ಸಾಲ, ವಿಮೆ, ಹೋಟೆಲ್ ರೂಮು ಅಂತ ಬರೀ ಜಾಹೀರಾತಿನ ಕೊಂಡಿಗಳಿದ್ದ ಪುಟ ತೆರೆದುಕೊಳ್ಳುತ್ತಿತ್ತು. ಇಮೇಲ್ ಕೂಡ ನಿಂತಿತ್ತು. ಡೊಮೈನ್, ಅಂದರೆ ದುಡ್ಡು ಕಟ್ಟಿ ಇಂತಿಷ್ಟು ವರ್ಷಕ್ಕೆ ಅಂತ ಪಡೆಯುವ ಸೈಟಿನ ಹೆಸರು, ಅದರ ಅವಧಿ ಮುಗಿದಿರಬಹುದು ಅನ್ನಿಸಿ ಲುಕಪ್ ಮಾಡಿ, ಅಂದರೆ ಹೆಸರಿನ ನೋಂದಣಿ ವಿವರ ತೆಗೆದು ನೋಡಿದೆ. ಎಕ್ಸ್‌ಪೈರಿ ಡೇಟ್ ಅಂತ ಇದ್ದ ಕಡೆ ಮುಂದಿನ ವರ್ಷದ ತಾರೀಖು ಕಾಣಿಸಿತು. ಸರಿ, ರಿನ್ಯೂ ಆಗಿದೆ, ತೊಂದರೆ ಸರ್ವರ್‌ನಲ್ಲೇ ಇರಬೇಕು ಅಂದುಕೊಂಡೆ. ಸೈಟಿನ ಫೈಲುಗಳನ್ನು ತಮ್ಮ ಸರ್ವರ್‌ನಲ್ಲಿ ಇಡುವ ಹೋಸ್ಟಿಂಗ್‌ನವರಿಗೆ ಒಂದರ ಮೇಲೊಂದು ದೂರು ಕಳಿಸುತ್ತಾ ಎರಡು ವಾರ ಕಳೆದೆ. "ನಮ್ಮ ಕಡೆ ಎಲ್ಲ ಸರಿ ಇದೆ" ಅಂತ ಅವರು ಹೇಳುತ್ತಲೇ ಇದ್ದರು. ಅದು ನಿಜವೂ ಆಗಿತ್ತು.

ಮತ್ತೆ ಲುಕಪ್ ಮಾಡುವ ಹೊತ್ತಿಗೆ ಹೆಸರು ಡಿಲೀಟ್ ಆಗಿ ರಿಡೆಂಪ್ಶನ್‌ಗೆ, ಅಂದರೆ ಹಳೆಯ ಒಡೆಯರು ಮಾತ್ರ ಹೆಚ್ಚು ದುಡ್ಡು ಕಟ್ಟಿ ಬಿಡಿಸಿಕೊಳ್ಳಬಹುದಾದ ಹಂತಕ್ಕೆ, ಹೋಗಿತ್ತು. ಮಾಮೂಲಿ ರಿನ್ಯೂ ಶುಲ್ಕದಲ್ಲಿ ಮುಗಿಯಬೇಕಿದ್ದ ಕೆಲಸಕ್ಕೆ ಅದರ ಹಲವು ಪಟ್ಟು ಕಟ್ಟಬೇಕಾಯಿತು. ಹೆಸರು ವಾಪಸ್ ಬಂತು, ಅದು ಪುಣ್ಯ. ಆ ಎರಡು ವಾರದಲ್ಲಿ ನನಗೆ ಗೊತ್ತಿರಬೇಕಿದ್ದ ವಿಷಯಗಳನ್ನೆಲ್ಲ ಇಲ್ಲಿ ಬರೆಯುತ್ತಿದ್ದೇನೆ. ನೀವು ಈಗ ಅದೇ ಗಾಬರಿಯಲ್ಲಿ ಇದನ್ನು ಓದುತ್ತಿರಬಹುದು. ಹಾಗಿದ್ದರೆ ಮೊದಲು ಕೆಳಗಿನ ಭಾಗ ಓದಿ, ಆಮೇಲೆ ಯಾರಿಗಾದರೂ ದುಡ್ಡು ಕಟ್ಟಿ.

ಮೊದಲು ಸ್ಥಿತಿ ನೋಡಿ, ತಾರೀಖಲ್ಲ

ಕಳೆದುಹೋದ ಹೆಸರನ್ನು ವಾಪಸ್ ಪಡೆಯಲು ಐದಾರು ದಾರಿಗಳಿವೆ. ಆದರೆ ಅವೆಲ್ಲ ಒಂದೇ ಹೊತ್ತಿಗೆ ತೆರೆದಿರುವುದಿಲ್ಲ. ಅವಧಿ ಮುಗಿದು ಎಷ್ಟು ದಿನ ಆಯಿತು, ಹೆಸರು ಈಗ ಯಾವ ಹಂತದಲ್ಲಿದೆ ಎನ್ನುವುದರ ಮೇಲೆ ನಿಮಗೆ ಯಾವ ದಾರಿ ಉಳಿದಿದೆ ಅನ್ನುವುದು ಗೊತ್ತಾಗುತ್ತದೆ.

ಹಂತ ತಿಳಿಯಲು ಐಕ್ಯಾನ್, ಅಂದರೆ ಜಗತ್ತಿನ ಡೊಮೈನ್ ಹೆಸರುಗಳ ನಿಯಮ ನೋಡಿಕೊಳ್ಳುವ ಸಂಸ್ಥೆಯ ಲುಕಪ್ ಪುಟ ಸಾಕು. ಹಿಂದೆ ಇದಕ್ಕೆ ಹೂಈಸ್ ಅನ್ನುತ್ತಿದ್ದರು. 2025ರ ಜನವರಿ 28ರಿಂದ ಡಾಟ್ ಕಾಂ, ಡಾಟ್ ನೆಟ್, ಡಾಟ್ ಆರ್ಗ್‌ನಂಥ ಹೆಸರುಗಳಿಗೆ ಅದರ ಜಾಗಕ್ಕೆ ಆರ್‌ಡ್ಯಾಪ್ ಅನ್ನುವ ಹೊಸ ವ್ಯವಸ್ಥೆ ಅಧಿಕೃತವಾಗಿ ಬಂದಿದೆ. ನೋಡುವವರಿಗೆ ದೊಡ್ಡ ವ್ಯತ್ಯಾಸವೇನಿಲ್ಲ. ಹೆಸರು ಟೈಪ್ ಮಾಡಿ, ಸ್ಟೇಟಸ್ ಅಂತ ಇರುವ ಸಾಲಿಗೆ ಬನ್ನಿ.

ಅಲ್ಲಿ ಆಟೋ ರಿನ್ಯೂ ಪೀರಿಯಡ್ ಅಂತಿದ್ದರೆ ನಿಮ್ಮ ಅದೃಷ್ಟ ಚೆನ್ನಾಗಿದೆ, ಇವತ್ತೇ ರಿನ್ಯೂ ಮಾಡಿ. ರಿಡೆಂಪ್ಶನ್ ಪೀರಿಯಡ್ ಅಂತಿದ್ದರೆ ಹೆಸರು ಡಿಲೀಟ್ ಆಗಿದೆ, ಆದರೆ ನಿಮಗೆ ಮಾತ್ರ ಇನ್ನೊಂದು ಬಾಗಿಲು ತೆರೆದಿದೆ. ರಿಡೆಂಪ್ಶನ್ ಅನ್ನುವ ಪದ ಇಲ್ಲದೆ ಬರೀ ಪೆಂಡಿಂಗ್ ಡಿಲೀಟ್ ಅಂತಿದ್ದರೆ ಆ ಬಾಗಿಲೂ ಮುಚ್ಚಿದೆ. ಇನ್ನು ನೋಂದಣಿ ಶುರುವಾದ ತಾರೀಖೇ ಮೊನ್ನೆ ಮೊನ್ನೆಯದಾಗಿದ್ದರೆ ಹೆಸರು ಬಿಡುಗಡೆಯಾಗಿ ಇನ್ನೊಬ್ಬರ ಕೈ ಸೇರಿದೆ ಅಂತ ಅರ್ಥ.

ನಾನು ಎಡವಿದ್ದು ತಾರೀಖಿನಲ್ಲಿ. ಅದು ಹೇಗೆ ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಇದೇ ಜಾಗದಲ್ಲಿ ತುಂಬಾ ಜನ ದಿನ ಕಳೆದುಕೊಳ್ಳುತ್ತಾರೆ. ನೀವು ದುಡ್ಡು ಕಟ್ಟುವುದು ರಿಜಿಸ್ಟ್ರಾರ್‌ಗೆ, ಅಂದರೆ ಹೆಸರನ್ನು ನಿಮಗೆ ನೋಂದಾಯಿಸಿಕೊಡುವ ಕಂಪನಿಗೆ. ಅದರ ಮೇಲೆ ರಿಜಿಸ್ಟ್ರಿ ಅಂತ ಇನ್ನೊಂದು ಇದೆ, ಡಾಟ್ ಕಾಂ ಹೆಸರುಗಳ ಮೂಲ ಪಟ್ಟಿ ಇಡುವ ವೆರಿಸೈನ್‌ನಂಥದ್ದು. ಅವಧಿ ಮುಗಿದ ಕೂಡಲೇ ರಿಜಿಸ್ಟ್ರಿ ತಾನಾಗಿಯೇ ಒಂದು ವರ್ಷ ಸೇರಿಸಿ ರಿಜಿಸ್ಟ್ರಾರ್ ಲೆಕ್ಕದಿಂದ ಹಣ ಹಿಡಿದುಕೊಳ್ಳುತ್ತದೆ. ಗಿರಾಕಿ ದುಡ್ಡು ಕಟ್ಟಲಿಲ್ಲ ಅಂದರೆ ರಿಜಿಸ್ಟ್ರಾರ್ 45 ದಿನದೊಳಗೆ ಹೆಸರನ್ನು ಡಿಲೀಟ್ ಮಾಡಿ ಆ ಹಣ ವಾಪಸ್ ಪಡೆಯಬಹುದು. ಹಾಗಾಗಿ ಆ 45 ದಿನ ರಿಜಿಸ್ಟ್ರಿಯ ದಾಖಲೆಯಲ್ಲಿ ತಾರೀಖು ಮುಂದಿನ ವರ್ಷದ್ದೇ ಕಾಣುತ್ತದೆ. ನೀವು ಒಂದು ಪೈಸೆ ಕಟ್ಟಿರದಿದ್ದರೂ ಸರಿ. ನಂಬಬೇಕಾದದ್ದು ರಿಜಿಸ್ಟ್ರಾರ್ ಖಾತೆಯೊಳಗೆ ತೋರಿಸುವ ತಾರೀಖನ್ನು, ಮತ್ತು ಸ್ಟೇಟಸ್ ಸಾಲನ್ನು.

ಸುಮ್ನೆ ರಿನ್ಯೂ ಮಾಡುವುದು

ಎಲ್ಲ ದಾರಿಗಳಲ್ಲಿ ಇದೇ ಅಗ್ಗ, ಇದೇ ಸುಲಭ. ಖಾತೆಗೆ ಲಾಗಿನ್ ಆಗಿ, ರಿನ್ಯೂ ಒತ್ತಿ, ಹಣ ಕಟ್ಟಿದರೆ ಮುಗಿಯಿತು. ಕೆಲವು ರಿಜಿಸ್ಟ್ರಾರ್‌ಗಳು ಮೊದಲ ಕೆಲವು ವಾರ ಮಾಮೂಲಿ ಶುಲ್ಕವನ್ನೇ ತೆಗೆದುಕೊಳ್ಳುತ್ತವೆ, ಕೆಲವು ತಡದ ಶುಲ್ಕ ಸೇರಿಸುತ್ತವೆ. ಈ ಶುಲ್ಕಗಳನ್ನು ತಮ್ಮ ಸೈಟಿನಲ್ಲಿ ಎಲ್ಲರಿಗೂ ಕಾಣುವಂತೆ ಹಾಕಲೇಬೇಕು ಅಂತ ಐಕ್ಯಾನ್ ನಿಯಮವಿದೆ. ಅದೇ ನಿಯಮದ ಪ್ರಕಾರ ಅವಧಿ ಮುಗಿಯುವ ಸುಮಾರು ಒಂದು ತಿಂಗಳು ಮೊದಲು ಒಂದು, ಒಂದು ವಾರ ಮೊದಲು ಇನ್ನೊಂದು ನೆನಪಿನ ಪತ್ರ ಬರಬೇಕು. ಅವಧಿ ಮುಗಿದ 5 ದಿನದೊಳಗೆ ಮತ್ತೊಂದು ಬರಬೇಕು. ಈ ನಿಯಮ 2013ರ ಆಗಸ್ಟ್ 31ರಿಂದ ಜಾರಿಯಲ್ಲಿದೆ.

ಸೈಟ್ ಬಂದ್ ಆಗಿ ಜಾಹೀರಾತು ಪುಟ ಬರುವುದೂ ಇದೇ ನಿಯಮದಿಂದ. ಹೆಸರನ್ನು ಡಿಲೀಟ್ ಮಾಡುವ ಮೊದಲು ಕೊನೆಯ 8 ದಿನವಾದರೂ ಸೈಟ್ ಮತ್ತು ಇಮೇಲ್ ನಿಲ್ಲಿಸಬೇಕು ಅಂತ ಅದು ಹೇಳುತ್ತದೆ. ಪತ್ರ ಓದದವರಿಗೂ ಗೊತ್ತಾಗಲಿ ಅನ್ನುವುದು ಉದ್ದೇಶ. ತುಂಬಾ ರಿಜಿಸ್ಟ್ರಾರ್‌ಗಳು ಅಷ್ಟು ಕಾಯದೆ ಮೊದಲ ದಿನಗಳಲ್ಲೇ ನಿಲ್ಲಿಸುತ್ತವೆ. ಹಾಗಾಗಿ ಸೈಟ್ ನಿಂತಿತು ಅಂದರೆ ಎಲ್ಲ ಮುಗಿಯಿತು ಅಂತಲ್ಲ. ಅದು ಕೊನೆಯ ಗಂಟೆ ಅಂದುಕೊಳ್ಳಿ, ಕೇಳಿಸಿದ ತಕ್ಷಣ ಓಡಿ.

ಇಲ್ಲೊಂದು ತಪ್ಪು ನಂಬಿಕೆ ಇದೆ. ಎಲ್ಲರಿಗೂ 45 ದಿನ ಸಿಗುತ್ತದೆ ಅಂತ. 45 ದಿನ ಇರುವುದು ರಿಜಿಸ್ಟ್ರಾರ್‌ಗೆ, ನಿಮಗಲ್ಲ. ಅದರಲ್ಲಿ ನಿಮಗೆ ಎಷ್ಟು ಬಿಟ್ಟುಕೊಡಬೇಕು ಅನ್ನುವುದು ಅವರ ಒಪ್ಪಂದದಲ್ಲಿ ಬರೆದಿರುತ್ತದೆ. ಒಬ್ಬರು 40 ದಿನ ಕೊಡಬಹುದು, ಇನ್ನೊಬ್ಬರು ಅದರ ಅರ್ಧವೂ ಕೊಡದಿರಬಹುದು.

ಲಾಗಿನ್ ಇಲ್ಲದಿದ್ದರೆ? ಕಷ್ಟ ಬರುವುದು ಇಲ್ಲೇ. ಖಾತೆಗೆ ಕೊಟ್ಟ ಇಮೇಲ್ ಅದೇ ಡೊಮೈನಿನ ಮೇಲಿದ್ದರೆ ಪಾಸ್‌ವರ್ಡ್ ಬದಲಿಸುವ ಪತ್ರ ನಿಮಗೆ ಬರುವುದೇ ಇಲ್ಲ, ಯಾಕೆಂದರೆ ಡೊಮೈನ್ ಜೊತೆ ಇಮೇಲೂ ನಿಂತಿದೆ. ಬೀಗದ ಕೈಯನ್ನು ಮನೆಯೊಳಗೇ ಇಟ್ಟು ಬಾಗಿಲು ಹಾಕಿಕೊಂಡ ಹಾಗೆ. ಇಂಥ ಹೊತ್ತಲ್ಲಿ ಇಮೇಲ್ ಬರೆದು ಕಾಯುತ್ತಾ ಕೂರಬೇಡಿ. ಫೋನ್ ಅಥವಾ ಚಾಟ್ ಹಿಡಿದು ಮಾತಾಡಿ. ಗುರುತಿನ ಚೀಟಿ, ಹಳೆಯ ರಸೀದಿ, ಹಣ ಕಟ್ಟಿದ ಕಾರ್ಡಿನ ವಿವರ, ಸಂಸ್ಥೆಯ ನೋಂದಣಿ ಪತ್ರ, ಇವನ್ನು ಮೊದಲೇ ಒಂದು ಕಡೆ ಇಟ್ಟುಕೊಳ್ಳಿ. "ಖಾತೆ ಆಮೇಲೆ ಸರಿ ಮಾಡೋಣ, ಮೊದಲು ಹೆಸರು ರಿನ್ಯೂ ಮಾಡಿಕೊಡಿ" ಅಂತ ಕೇಳಿ. ಕೆಲವು ಕಡೆ ಖಾತೆ ಯಾರದ್ದಾದರೂ ಹಣ ಯಾರು ಬೇಕಾದರೂ ಕಟ್ಟಬಹುದು.

ಇದಕ್ಕೆ ಹಳೆಯ ಒಂದು ಪ್ರಸಂಗವಿದೆ. 1999ರ ಡಿಸೆಂಬರ್‌ನಲ್ಲಿ ಮೈಕ್ರೋಸಾಫ್ಟ್ ತನ್ನ ಪಾಸ್‌ಪೋರ್ಟ್ ಡಾಟ್ ಕಾಂ ಹೆಸರನ್ನು ರಿನ್ಯೂ ಮಾಡುವುದನ್ನು ಮರೆತಿತ್ತು. ಆಗ ಅದರ ಇಮೇಲ್ ಸೇವೆಯಾದ ಹಾಟ್‌ಮೇಲ್‌ಗೆ ಲಾಗಿನ್ ಆಗುತ್ತಿದ್ದದ್ದು ಆ ಹೆಸರಿನ ಮೂಲಕ. ಜನರಿಗೆ ಮೇಲ್ ತೆರೆಯಲಾಗಲಿಲ್ಲ. ಮೈಕೆಲ್ ಚೇನಿ ಎಂಬ ಪ್ರೋಗ್ರಾಮರ್ ಕಾರಣ ಹುಡುಕಿ, ಕ್ರಿಸ್‌ಮಸ್‌ ಹೊತ್ತಿನಲ್ಲಿ ತನ್ನ ಕಾರ್ಡಿನಿಂದಲೇ 35 ಡಾಲರ್ ಕಟ್ಟಿಬಿಟ್ಟರು. ಅಷ್ಟರಲ್ಲೇ ಸಮಸ್ಯೆ ಬಗೆಹರಿಯಿತು. ಜಗತ್ತಿನ ದೊಡ್ಡ ಕಂಪನಿಗೇ ಆದ ಮರೆವು ಇದು. ನಿಮಗಾದರೆ ನಾಚಿಕೆ ಪಡಬೇಕಾಗಿಲ್ಲ. ನಾಚಿಕೊಂಡು ಎರಡು ದಿನ ಯಾರಿಗೂ ಹೇಳದೆ ಇರುವವರನ್ನು ನೋಡಿದ್ದೇನೆ. ಆ ಎರಡು ದಿನಕ್ಕೂ ಬೆಲೆ ಇದೆ.

ಹೆಸರನ್ನು ಸೈಟ್ ಮಾಡಿಕೊಟ್ಟವರ ಖಾತೆಯಲ್ಲಿ ನೋಂದಾಯಿಸಿದ್ದರೆ ರಿಜಿಸ್ಟ್ರಾರ್ ನಿಮ್ಮ ಜೊತೆ ಮಾತಾಡುವುದೇ ಇಲ್ಲ, ಏಕೆಂದರೆ ದಾಖಲೆಯಲ್ಲಿ ಒಡೆಯರು ಅವರು. ಹಳೆಯ ಮನಸ್ತಾಪ ಏನೇ ಇರಲಿ, ಬಾಕಿ ಲೆಕ್ಕ ಏನೇ ಇರಲಿ, ಮೊದಲು ಅವರಿಗೆ ಫೋನ್ ಮಾಡಿ ರಿನ್ಯೂ ಮಾಡಿಸಿ. ಜಗಳ ಆಮೇಲೂ ಆಡಬಹುದು.

ಇನ್ನೊಂದು ಮಾತು. ಸಿಟ್ಟಿನಲ್ಲಿ ಈ ಹಂತದಲ್ಲೇ ಬೇರೆ ರಿಜಿಸ್ಟ್ರಾರ್‌ಗೆ ಹೆಸರು ಸಾಗಿಸಲು ಹೋಗಬೇಡಿ. ಇದ್ದಲ್ಲೇ ರಿನ್ಯೂ ಮಾಡಿ, ಅವಧಿ ಮುಗಿದ ದಿನದಿಂದ 45 ದಿನ ಕಳೆಯಲಿ, ಆಮೇಲೆ ಸಾಗಿಸಿ. ನಡುವೆ ಸಾಗಿಸಿದರೆ ಈಗ ಕಟ್ಟಿದ ವರ್ಷದ ಹಣ ಕೈಬಿಟ್ಟು ಹೋಗಬಹುದು.

ರಿಡೆಂಪ್ಶನ್: ದುಬಾರಿ, ಆದರೂ ಕಟ್ಟಿ

ರಿಜಿಸ್ಟ್ರಾರ್ ಹೆಸರನ್ನು ಡಿಲೀಟ್ ಮಾಡಿದ ಮೇಲೆ ಅದು ತಕ್ಷಣ ಮಾಯವಾಗುವುದಿಲ್ಲ. ಡಾಟ್ ಕಾಂನಂಥ ಹೆಸರುಗಳಿಗೆ 30 ದಿನ ರಿಡೆಂಪ್ಶನ್ ಅವಧಿ ಇರುತ್ತದೆ. ಆ 30 ದಿನ ಅದನ್ನು ಬೇರೆ ಯಾರೂ ಕೊಳ್ಳುವಂತಿಲ್ಲ. ಹಳೆಯ ಒಡೆಯರು ಮಾತ್ರ, ಅದೇ ರಿಜಿಸ್ಟ್ರಾರ್ ಮೂಲಕ ಮಾತ್ರ, ವಾಪಸ್ ಪಡೆಯಬಹುದು. ಬೇರೆ ಕಡೆ ಸಾಗಿಸಲೂ ಆಗುವುದಿಲ್ಲ.

ಇದಕ್ಕೆ ಎರಡು ಬಗೆಯ ಹಣ ಸೇರುತ್ತದೆ: ಒಂದು ವರ್ಷದ ರಿನ್ಯೂ, ಜೊತೆಗೆ ಹೆಸರನ್ನು ಎತ್ತಿ ಕೊಡುವ ಶುಲ್ಕ. ಈ ಎರಡನೆಯದೇ ದೊಡ್ಡದು. ರಿಜಿಸ್ಟ್ರಿಗೆ ಹೋಗುವ ಪಾಲಿನ ಮೇಲೆ ರಿಜಿಸ್ಟ್ರಾರ್ ತನ್ನ ಪಾಲು ಸೇರಿಸುತ್ತದೆ. ಹಾಗಾಗಿ ಒಂದೊಂದು ಕಡೆ ಒಂದೊಂದು ದರ, ಮತ್ತು ಎಲ್ಲ ಕಡೆಯೂ ರಿನ್ಯೂ ಶುಲ್ಕದ ಹಲವು ಪಟ್ಟು. ಬೇರೆ ಅಂಗಡಿಯಲ್ಲಿ ಕಡಿಮೆಗೆ ಸಿಗುತ್ತದಾ ಅಂತ ಹುಡುಕುವ ಅವಕಾಶವೇ ಇಲ್ಲ. ಅದು ಬೇಸರದ ವಿಷಯ, ನನಗೂ ಆಗಿತ್ತು.

ಕಟ್ಟಿದ ಮೇಲೆ ಸ್ಟೇಟಸ್ ಪೆಂಡಿಂಗ್ ರಿಸ್ಟೋರ್ ಅಂತ ಬದಲಾಗುತ್ತದೆ. ಅಲ್ಲಿಂದ 7 ದಿನದೊಳಗೆ ರಿಜಿಸ್ಟ್ರಾರ್ ಒಂದು ವರದಿಯನ್ನು ರಿಜಿಸ್ಟ್ರಿಗೆ ಕಳಿಸಬೇಕು. ಕಳಿಸದಿದ್ದರೆ ಹೆಸರು ಮತ್ತೆ ರಿಡೆಂಪ್ಶನ್‌ಗೇ ಬೀಳುತ್ತದೆ. ಇದು ಅವರ ಕೆಲಸ, ನಿಮ್ಮದಲ್ಲ. ಆದರೂ ದಿನಕ್ಕೊಮ್ಮೆ ಲುಕಪ್ ಮಾಡಿ ನೋಡಿ. ಆ ಪದ ಹೋಗಿ ಆಕ್ಟಿವ್ ಅಥವಾ ಓಕೆ ಅಂತ ಬರುವವರೆಗೆ ಬಿಡಬೇಡಿ. ನನ್ನ ಪ್ರಕರಣದಲ್ಲಿ ಹಣ ಕಟ್ಟಿದ ಮೂರನೇ ದಿನ ಸೈಟ್ ಬಂತು. ಆ ಮೂರು ದಿನ ಎಷ್ಟು ಸಲ ಆ ಪುಟ ರಿಫ್ರೆಶ್ ಮಾಡಿದೆನೋ ಲೆಕ್ಕವಿಲ್ಲ.

ಇಲ್ಲಿ ಬಹಳ ಜನ ಒಂದು ಲೆಕ್ಕ ಹಾಕುತ್ತಾರೆ. ಇಷ್ಟು ದುಡ್ಡು ಯಾಕೆ ಕೊಡಬೇಕು? 30 ದಿನ, ಆಮೇಲೆ ಇನ್ನು 5 ದಿನ ಕಾದರೆ ಹೆಸರು ಬಿಡುಗಡೆಯಾಗುತ್ತದೆ, ಆಗ ಹೊಸದಾಗಿ ಮಾಮೂಲಿ ದರಕ್ಕೆ ಕೊಂಡರಾಯಿತು ಅಲ್ವಾ? ಕೇಳಲು ಸರಿಯಾಗಿಯೇ ಇದೆ. ಆದರೆ ಆ ಹೆಸರು ನಿಮಗೆ ಬೇಕೇ ಬೇಕು ಅಂತಿದ್ದರೆ ದಯವಿಟ್ಟು ಈ ಲೆಕ್ಕ ಹಾಕಬೇಡಿ. ಯಾಕೆ ಅಂತ ಮುಂದಿನ ಭಾಗದಲ್ಲಿ ಹೇಳುತ್ತೇನೆ. ನನ್ನ ಅಭಿಪ್ರಾಯ ಇಷ್ಟೇ: ಆ ಡೊಮೈನಿನ ಮೇಲೆ ಒಂದೇ ಒಂದು ಕೆಲಸದ ಇಮೇಲ್ ವಿಳಾಸ ಇದ್ದರೂ ರಿಡೆಂಪ್ಶನ್ ಹಣ ಕಟ್ಟಿಬಿಡಿ.

ಇನ್ನೊಂದು ಎಚ್ಚರಿಕೆ, ಇದು ಎಲ್ಲರಿಗೂ ಗೊತ್ತಿಲ್ಲ. ರಿಡೆಂಪ್ಶನ್ ಹಂತ ಬಂದೇ ಬರುತ್ತದೆ ಅಂತ ನೆಚ್ಚಿಕೊಳ್ಳಬೇಡಿ. ಡಿಲೀಟ್ ಆದರೆ ಮಾತ್ರ ಆ ಹಂತ. ಎಷ್ಟೋ ಹೆಸರುಗಳು ಡಿಲೀಟ್ ಆಗುವ ಮೊದಲೇ ಹರಾಜಿನಲ್ಲಿ ಮಾರಾಟವಾಗಿ ಹೋಗಿರುತ್ತವೆ.

ಹರಾಜು ಮತ್ತು ಡ್ರಾಪ್

ಅವಧಿ ಮುಗಿದ ಹೆಸರುಗಳಿಗೆ ಒಂದು ದೊಡ್ಡ ಮಾರುಕಟ್ಟೆಯೇ ಇದೆ. ಹಳೆಯ ಹೆಸರಿಗೆ ಬೇರೆ ಸೈಟುಗಳಿಂದ ಕೊಂಡಿಗಳಿರುತ್ತವೆ, ಹುಡುಕಾಟದಲ್ಲಿ ಸ್ಥಾನ ಇರುತ್ತದೆ, ದಿನಾ ಬಂದು ಹೋಗುವ ಜನ ಇರುತ್ತಾರೆ. ಇದಕ್ಕೆಲ್ಲ ಬೆಲೆ ಕಟ್ಟಿ ಕೊಳ್ಳುವವರಿದ್ದಾರೆ. ಎಷ್ಟೋ ವರ್ಷ ಒಳ್ಳೆಯ ಕೆಲಸಕ್ಕೆ ಬಳಕೆಯಾದ ಹೆಸರಿನ ಮೇಲೆ ಈಗ ಜೂಜಾಟದ ಪುಟ ಇರುವುದನ್ನು ನೀವೂ ನೋಡಿರಬಹುದು. ನನಗೆ ಅದು ತುಂಬಾ ನೋವಿನ ನೋಟ.

ಈ ಮಾರುಕಟ್ಟೆಗೆ ಎರಡು ಬಾಗಿಲು. ಮೊದಲನೆಯದು ರಿಜಿಸ್ಟ್ರಾರ್ ನಡೆಸುವ ಹರಾಜು. ಅವಧಿ ಮುಗಿದು ಕೆಲವು ವಾರ ಕಳೆದ ಮೇಲೆ, ಇನ್ನೂ 45 ದಿನದ ಒಳಗೇ, ಹಲವು ರಿಜಿಸ್ಟ್ರಾರ್‌ಗಳು ಹೆಸರನ್ನು ಹರಾಜಿಗಿಡುತ್ತವೆ. ನೀವು ನೋಂದಾಯಿಸುವಾಗ ಒಪ್ಪಿಕೊಂಡ ಷರತ್ತಿನಲ್ಲೇ ಇದಕ್ಕೆ ಅನುಮತಿ ಇರುತ್ತದೆ. ಗೆದ್ದವರ ಹೆಸರಿಗೆ ದಾಖಲೆ ಬದಲಾಗುತ್ತದೆ. ಡಿಲೀಟ್ ಇಲ್ಲ, ರಿಡೆಂಪ್ಶನ್ ಇಲ್ಲ, ನೋಂದಣಿ ಶುರುವಾದ ಹಳೆಯ ತಾರೀಖೂ ಹಾಗೇ ಉಳಿಯುತ್ತದೆ.

ನಿಮ್ಮ ಹೆಸರು ಹರಾಜಿನ ಪಟ್ಟಿಯಲ್ಲಿ ಕಂಡರೆ ಏನು ಮಾಡಬೇಕು? ತಕ್ಷಣ ಬಿಡ್ ಹಾಕಬೇಕು ಅನ್ನಿಸುತ್ತದೆ. ಹಾಕಬೇಡಿ. ನೀವು ಬಿಡ್ ಹಾಕಿದಷ್ಟೂ ನಿಮ್ಮದೇ ಹೆಸರಿನ ಬೆಲೆಯನ್ನು ನೀವೇ ಏರಿಸುತ್ತೀರಿ. ಅದರ ಬದಲು ರಿಜಿಸ್ಟ್ರಾರ್‌ಗೆ ಫೋನ್ ಮಾಡಿ, ನಾನು ಹಳೆಯ ಒಡೆಯ, ಈಗಲೂ ರಿನ್ಯೂ ಮಾಡಬಹುದಾ ಅಂತ ಕೇಳಿ. ಹರಾಜು ನಡೆಯುತ್ತಿರುವಾಗಲೂ, ಕೆಲವು ಕಡೆ ಹರಾಜು ಮುಗಿದ ಮೇಲೂ ಒಂದೆರಡು ದಿನ, ಹಳೆಯ ಒಡೆಯರಿಗೆ ರಿನ್ಯೂ ಮಾಡುವ ಅವಕಾಶ ಇರುತ್ತದೆ. ನೀವು ರಿನ್ಯೂ ಮಾಡಿದರೆ ಗೆದ್ದವರಿಗೆ ಅವರ ಹಣ ವಾಪಸ್ ಹೋಗುತ್ತದೆ. ಆ ಅವಕಾಶ ಮುಗಿದಿದೆ ಅಂತ ಖಚಿತವಾದ ಮೇಲೆ ಮಾತ್ರ ಬಿಡ್ ಯೋಚನೆ ಮಾಡಿ.

ಎರಡನೇ ಬಾಗಿಲು ಡ್ರಾಪ್. ರಿಡೆಂಪ್ಶನ್ನಿನ 30 ದಿನ ಮುಗಿದ ಮೇಲೆ ಹೆಸರು 5 ದಿನ ಪೆಂಡಿಂಗ್ ಡಿಲೀಟ್‌ನಲ್ಲಿರುತ್ತದೆ. ಆ 5 ದಿನ ಯಾರೂ ಏನೂ ಮಾಡುವಂತಿಲ್ಲ. ಹಣ ಕೊಡುತ್ತೇನೆ ಅಂದರೂ ರಿಜಿಸ್ಟ್ರಾರ್ ಕೈಯಲ್ಲಿ ಏನೂ ಇಲ್ಲ. ಈ ಹಂತದಲ್ಲಿ "ನಾವು ವಾಪಸ್ ತಂದುಕೊಡುತ್ತೇವೆ, ಮುಂಗಡ ಕೊಡಿ" ಅಂತ ಯಾರಾದರೂ ಬರೆದರೆ ಅದು ಮೋಸ. ಆಮೇಲೆ ರಿಜಿಸ್ಟ್ರಿ ಹೆಸರನ್ನು ಬಿಡುತ್ತದೆ. ಆ ಕ್ಷಣದಿಂದ ಅದು ಮೊದಲು ಕೇಳಿದವರದ್ದು.

ಮೊದಲು ಕೇಳುವುದು ಯಾರು ಅನ್ನುವುದೇ ಪ್ರಶ್ನೆ. ಡ್ರಾಪ್‌ಕ್ಯಾಚ್, ಸ್ನ್ಯಾಪ್‌ನೇಮ್ಸ್, ನೇಮ್‌ಜೆಟ್‌ನಂಥ ಸೇವೆಗಳು ಇದಕ್ಕೇ ಇವೆ. ಒಂದು ರಿಜಿಸ್ಟ್ರಾರ್‌ಗೆ ರಿಜಿಸ್ಟ್ರಿ ಇಂತಿಷ್ಟೇ ಸಂಪರ್ಕ ಕೊಡುತ್ತದೆ. ಹಾಗಾಗಿ ದೊಡ್ಡ ಡ್ರಾಪ್ ಸೇವೆಗಳು ತಮ್ಮ ಬಳಿ ನೂರಾರು ರಿಜಿಸ್ಟ್ರಾರ್ ಪರವಾನಗಿ ಇಟ್ಟುಕೊಂಡಿವೆ. ಎಲ್ಲದರಿಂದಲೂ ಒಟ್ಟಿಗೆ ಕೋರಿಕೆ ಹೋಗುತ್ತದೆ. ಒಂದು ಸೆಕೆಂಡಿನ ಸಣ್ಣ ಭಾಗದಲ್ಲಿ ಕೆಲಸ ಮುಗಿದಿರುತ್ತದೆ. ನೀವು ಅಲಾರಂ ಇಟ್ಟು ಎದ್ದು ಮೌಸ್ ಹಿಡಿದು ಕಾದಿದ್ದರೂ ನಿಮ್ಮ ಕ್ಲಿಕ್ ತಲುಪುವ ಹೊತ್ತಿಗೆ ಹೆಸರು ಹೋಗಿರುತ್ತದೆ. ಚಿಕ್ಕ ಹೆಸರು, ಅರ್ಥವಿರುವ ಪದ, ಹತ್ತಾರು ವರ್ಷದ ಹಳೆಯ ಸೈಟ್ ಆಗಿದ್ದರೆ ಇದರಲ್ಲಿ ಅನುಮಾನವೇ ಬೇಡ.

ಬೇರೆ ದಾರಿ ಉಳಿದಿಲ್ಲ ಅಂದಾಗ ನೀವೂ ಅದೇ ಸೇವೆಗಳಲ್ಲಿ ಬ್ಯಾಕ್‌ಆರ್ಡರ್, ಅಂದರೆ ಹೆಸರು ಬಿಟ್ಟ ಕೂಡಲೇ ನನಗಾಗಿ ಹಿಡಿಯಿರಿ ಅನ್ನುವ ಮುಂಗಡ ಕೋರಿಕೆ, ಹಾಕಬಹುದು. ಹೆಸರು ಸಿಕ್ಕರೆ ಮಾತ್ರ ಹಣ ತೆಗೆದುಕೊಳ್ಳುವವರನ್ನೇ ಆರಿಸಿ. ಒಂದೇ ಕಡೆ ಹಾಕಿ ಸುಮ್ಮನಾಗಬೇಡಿ, ಎರಡು ಮೂರು ಕಡೆ ಹಾಕಿ, ಯಾಕೆಂದರೆ ಯಾರ ಬಲೆಗೆ ಬೀಳುತ್ತದೋ ಮೊದಲೇ ಹೇಳಲಾಗದು. ಒಂದೇ ಸೇವೆಯಲ್ಲಿ ಇಬ್ಬರು ಮೂವರು ಕೇಳಿದ್ದರೆ ಅವರ ನಡುವೆ ಮತ್ತೆ ಹರಾಜು. ಇಷ್ಟೆಲ್ಲ ಆದಾಗ ಮೊದಲು ಜಾಸ್ತಿ ಅನ್ನಿಸಿದ್ದ ರಿಡೆಂಪ್ಶನ್ ಶುಲ್ಕವೇ ಎಷ್ಟೋ ವಾಸಿ ಅನ್ನಿಸುತ್ತದೆ.

ಉದ್ದದ ಹೆಸರು, ಹೊರಗಿನ ಕೊಂಡಿಗಳೇ ಇಲ್ಲದ ಸೈಟ್, ಯಾವತ್ತೂ ಇಮೇಲ್‌ಗೆ ಬಳಸಿಲ್ಲ, ಹೋದರೂ ನಷ್ಟವಿಲ್ಲ ಅಂತಿದ್ದರೆ ಮಾತ್ರ ಡ್ರಾಪ್‌ಗೆ ಕಾಯುವುದು ಸರಿ.

ಬೇರೆಯವರ ಕೈ ಸೇರಿದ ಮೇಲೆ

ಆಗ ಉಳಿಯುವುದು ಮೂರು: ಕೊಂಡುಕೊಳ್ಳುವುದು, ದೂರು ಕೊಡುವುದು, ಬಿಟ್ಟುಬಿಡುವುದು.

ಕೊಳ್ಳುವುದಾದರೆ ಮೊದಲ ಪತ್ರವನ್ನು ಯೋಚಿಸಿ ಬರೆಯಿರಿ. "ಇದು ನಮ್ಮದೇ ಹೆಸರು, ಇದಿಲ್ಲದೆ ನಮ್ಮ ಕೆಲಸವೇ ನಿಂತಿದೆ" ಅಂತ ಬರೆದರೆ ಬೆಲೆ ಅಲ್ಲೇ ಏರುತ್ತದೆ. ಹೆಸರು ಮಾರಾಟಕ್ಕಿದೆಯಾ, ಎಷ್ಟು ಅಂತ ಎರಡೇ ಸಾಲು ಸಾಕು. ಸಂಸ್ಥೆಯ ಇಮೇಲ್ ಬಿಟ್ಟು ಬೇರೆ ವಿಳಾಸದಿಂದ ಬರೆಯಿರಿ, ಅಥವಾ ಬ್ರೋಕರ್ ಮೂಲಕ ಕೇಳಿಸಿ. ಅವರು ಹೇಳುವ ಮೊದಲ ಬೆಲೆ ಕೊನೆಯ ಬೆಲೆ ಆಗಿರುವುದು ಕಡಿಮೆ. ಹಣವನ್ನು ಮಾತ್ರ ಎಸ್ಕ್ರೋ ಮೂಲಕವೇ ಕೊಡಿ. ಮೂರನೆಯವರ ಬಳಿ ಹಣ ಇರುತ್ತದೆ, ಹೆಸರು ನಿಮ್ಮ ಖಾತೆಗೆ ಬಂದ ಮೇಲೆ ಅದು ಮಾರಿದವರಿಗೆ ಹೋಗುತ್ತದೆ. ನೇರವಾಗಿ ಕಳಿಸಿ ಹಣವನ್ನೂ ಹೆಸರನ್ನೂ ಕಳೆದುಕೊಳ್ಳುವುದು ಬೇಡ.

ದೂರಿನ ದಾರಿಗೆ ಯುಡಿಆರ್‌ಪಿ ಅನ್ನುತ್ತಾರೆ. ಐಕ್ಯಾನ್ 1999ರಲ್ಲಿ ತಂದ ವ್ಯವಸ್ಥೆ ಇದು. ಕೋರ್ಟಿಗೆ ಹೋಗದೆ ಡೊಮೈನ್ ತಕರಾರು ಬಗೆಹರಿಸಲು ಇರುವಂಥದ್ದು. ವಿಶ್ವ ಬೌದ್ಧಿಕ ಆಸ್ತಿ ಸಂಸ್ಥೆ, ಅಂದರೆ ವೈಪೋ, ಇಂಥ ದೂರುಗಳನ್ನು ತೆಗೆದುಕೊಳ್ಳುತ್ತದೆ. ಒಂದರಿಂದ ಐದು ಹೆಸರುಗಳಿಗೆ ಒಬ್ಬ ತೀರ್ಪುಗಾರರಾದರೆ ಶುಲ್ಕ 1500 ಡಾಲರ್, ಮೂವರಾದರೆ 4000 ಡಾಲರ್. ವಕೀಲರ ಖರ್ಚು ಬೇರೆ. ಎದುರಿನವರಿಗೆ ಉತ್ತರ ಕೊಡಲು 20 ದಿನ ಇರುತ್ತದೆ.

ಗೆಲ್ಲಲು ಮೂರು ಮಾತನ್ನೂ ಸಾಬೀತು ಮಾಡಬೇಕು, ಎರಡು ಸಾಲದು. ಆ ಹೆಸರು ನಿಮ್ಮ ಟ್ರೇಡ್‌ಮಾರ್ಕ್‌ನ ಹಾಗೇ ಇದೆ ಅಥವಾ ಗೊಂದಲವಾಗುವಷ್ಟು ಹತ್ತಿರ ಇದೆ. ಈಗಿನವರಿಗೆ ಅದರ ಮೇಲೆ ಯಾವ ನ್ಯಾಯವಾದ ಹಕ್ಕೂ ಇಲ್ಲ. ಅವರು ಅದನ್ನು ಕೊಂಡದ್ದೂ ಕೆಟ್ಟ ಉದ್ದೇಶದಿಂದ, ಬಳಸುತ್ತಿರುವುದೂ ಕೆಟ್ಟ ಉದ್ದೇಶದಿಂದ. "ಮೊದಲು ನನ್ನದಾಗಿತ್ತು" ಅನ್ನುವುದು ಈ ಮೂರರಲ್ಲಿ ಇಲ್ಲ ಅನ್ನುವುದನ್ನು ಗಮನಿಸಿ. ಎರಡು ಸಾಮಾನ್ಯ ಪದ ಸೇರಿಸಿದ ಹೆಸರು ನಿಮ್ಮದಾಗಿತ್ತು, ಟ್ರೇಡ್‌ಮಾರ್ಕ್ ಇಲ್ಲ, ನೀವು ರಿನ್ಯೂ ಮಾಡಲಿಲ್ಲ, ಇನ್ನೊಬ್ಬರು ಕೊಂಡರು. ಇಷ್ಟೇ ಆಗಿದ್ದರೆ ಈ ದಾರಿಗೆ ಹಣ ಹಾಕಬೇಡಿ. ನಿಮ್ಮ ನೋಂದಾಯಿತ ಗುರುತನ್ನು ಬಳಸಿ ನಿಮ್ಮ ಗಿರಾಕಿಗಳನ್ನೇ ದಾರಿ ತಪ್ಪಿಸುತ್ತಿದ್ದರೆ ಮಾತ್ರ ಇದು ಬಲವಾದ ದಾರಿ. ಗೆದ್ದರೂ ಸಿಗುವುದು ಹೆಸರು ಮಾತ್ರ, ಪರಿಹಾರದ ಹಣ ಸಿಗುವುದಿಲ್ಲ.

ಡಾಟ್ ಶಾಪ್‌ನಂಥ ಹೊಸ ಬಗೆಯ ಹೆಸರುಗಳಿಗೆ ಯುಆರ್‌ಎಸ್ ಅಂತ ಇನ್ನೊಂದು ದಾರಿ ಇದೆ. ಬೇಗ ಮುಗಿಯುತ್ತದೆ, ಖರ್ಚೂ ಕಡಿಮೆ. ಆದರೆ ಅದು ಹೆಸರನ್ನು ಅಮಾನತು ಮಾಡುತ್ತದೆ ಅಷ್ಟೇ, ನಿಮ್ಮ ಕೈಗೆ ಕೊಡುವುದಿಲ್ಲ. ಹೆಸರು ವಾಪಸ್ ಬೇಕು ಅನ್ನುವವರಿಗೆ ಉಪಯೋಗವಿಲ್ಲ.

ತಪ್ಪು ರಿಜಿಸ್ಟ್ರಾರ್‌ನದೇ ಆಗಿದ್ದರೆ, ಅಂದರೆ ನೆನಪಿನ ಪತ್ರ ಕಳಿಸದಿದ್ದರೆ ಅಥವಾ ರಿಡೆಂಪ್ಶನ್‌ನಲ್ಲಿದ್ದ ಹೆಸರನ್ನು ಕೊಡಲು ಒಪ್ಪದಿದ್ದರೆ, ಐಕ್ಯಾನ್‌ಗೆ ದೂರು ಕೊಡುವ ಅರ್ಜಿ ಇದೆ. ಐಕ್ಯಾನ್ ತಾನೇ ಹೆಸರು ತಂದುಕೊಡುವುದಿಲ್ಲ, ಆದರೆ ರಿಜಿಸ್ಟ್ರಾರ್‌ನಿಂದ ಉತ್ತರ ಕೇಳುತ್ತದೆ. ಗಡುವು ಇನ್ನೂ ಇರುವಾಗ ಕೊಟ್ಟರೆ ಮಾತ್ರ ಪ್ರಯೋಜನ.

ಬಿಟ್ಟುಬಿಡುವುದೂ ಒಂದು ಆಯ್ಕೆಯೇ. ಸೈಟಿನ ಫೈಲುಗಳು ಹೋಸ್ಟಿಂಗ್‌ನಲ್ಲಿರುತ್ತವೆ. ಡೊಮೈನ್ ಹೋಯಿತು ಅಂದರೆ ಅವು ಅಳಿಸಿಹೋಗುವುದಿಲ್ಲ. ಹೊಸ ಹೆಸರಿಗೆ ಅದೇ ಫೈಲುಗಳನ್ನು ಜೋಡಿಸಬಹುದು. ಹೋಸ್ಟಿಂಗೂ ಹೋಗಿದ್ದರೆ ಇಂಟರ್ನೆಟ್ ಆರ್ಕೈವ್‌ನ ವೇಬ್ಯಾಕ್ ಮಷೀನ್‌ನಲ್ಲಿ ಹಳೆಯ ಪುಟಗಳು ಸಿಗುವ ಸಾಧ್ಯತೆ ಇದೆ. ಆದರೆ ಬಿಡುವ ಮುಂಚೆ ಒಂದು ಕೆಲಸ ಕಡ್ಡಾಯ. ಆ ಡೊಮೈನಿನ ಇಮೇಲ್ ಕೊಟ್ಟು ಎಲ್ಲೆಲ್ಲಿ ಖಾತೆ ತೆರೆದಿದ್ದೀರೋ, ಬ್ಯಾಂಕು, ಸಾಮಾಜಿಕ ಜಾಲತಾಣ, ಕ್ಲೌಡ್, ಅಲ್ಲೆಲ್ಲ ವಿಳಾಸ ಬದಲಿಸಿ. ಹೊಸ ಒಡೆಯರು ಆ ಡೊಮೈನಿಗೆ ಬರುವ ಎಲ್ಲ ಪತ್ರಗಳನ್ನೂ ಒಂದೇ ಡಬ್ಬಿಗೆ ಬೀಳುವಂತೆ ಮಾಡಬಹುದು. ಆಮೇಲೆ "ಪಾಸ್‌ವರ್ಡ್ ಮರೆತಿದ್ದೇನೆ" ಅಂತ ಒತ್ತಿದರೆ ಸಾಕು, ನಿಮ್ಮ ಖಾತೆಯ ಕೀಲಿ ಅವರ ಕೈಯಲ್ಲಿ. ನಾನು ರಿಡೆಂಪ್ಶನ್ ಕಟ್ಟಿ ಅಂತ ಒತ್ತಿ ಹೇಳುವುದಕ್ಕೆ ಇದೇ ದೊಡ್ಡ ಕಾರಣ.

ದೇಶಗಳ ಹೆಸರಾದರೆ

ಮೇಲಿನ ದಿನದ ಲೆಕ್ಕವೆಲ್ಲ ಡಾಟ್ ಕಾಂ ಥರದ ಹೆಸರುಗಳದ್ದು. ದೇಶಕ್ಕೆ ಸೇರಿದ ಎರಡಕ್ಷರದ ಹೆಸರುಗಳಿಗೆ ಆಯಾ ರಿಜಿಸ್ಟ್ರಿಯದ್ದೇ ಕಾನೂನು. ಬ್ರಿಟನ್ನಿನ ಡಾಟ್ ಯುಕೆ ಹೆಸರು ಅವಧಿ ಮುಗಿದ ಸುಮಾರು 30 ದಿನಕ್ಕೆ ನಿಲ್ಲುತ್ತದೆ, 90 ದಿನದವರೆಗೆ ರಿನ್ಯೂ ಮಾಡಬಹುದು. ಯುರೋಪ್ ಒಕ್ಕೂಟದ ಡಾಟ್ ಇಯು ಡಿಲೀಟ್ ಆದ ಮೇಲೆ 40 ದಿನ ಕ್ವಾರಂಟೈನ್‌ನಲ್ಲಿರುತ್ತದೆ, ಅಂದರೆ ಬೇರೆಯವರು ಕೊಳ್ಳುವಂತಿಲ್ಲ. ಜರ್ಮನಿಯ ಡಾಟ್ ಡಿಇಗೆ 30 ದಿನದ ರಿಡೆಂಪ್ಶನ್ ಇದೆ. ನಿಮ್ಮದು ಇಂಥ ಹೆಸರಾದರೆ ಆ ರಿಜಿಸ್ಟ್ರಿಯ ಸ್ವಂತ ಪುಟವನ್ನೇ ಓದಿ. ಡಾಟ್ ಕಾಂ ಲೆಕ್ಕವನ್ನು ಅದಕ್ಕೆ ಹೊಂದಿಸಬೇಡಿ.

ಹೆಸರು ವಾಪಸ್ ಬಂದ ದಿನ

ರಿನ್ಯೂ ಆದ ಕೂಡಲೇ ಎಲ್ಲರಿಗೂ ಸೈಟ್ ಕಾಣುವುದಿಲ್ಲ. ಆ ಹೆಸರು ಯಾವ ಸರ್ವರ್‌ಗೆ ಹೋಗಬೇಕು ಅನ್ನುವ ಹಳೆಯ ಉತ್ತರ ಇಂಟರ್ನೆಟ್ಟಿನಲ್ಲಿ ಅಲ್ಲಲ್ಲಿ ನೆನಪಿನಲ್ಲಿ ಉಳಿದಿರುತ್ತದೆ, ಒಂದೆರಡು ದಿನ ಬೇಕಾಗಬಹುದು. ಅಷ್ಟರಲ್ಲಿ, ಹೆಸರು ಯಾವ ಸರ್ವರ್‌ಗೆ ಹೋಗಬೇಕು ಅಂತ ಹೇಳುವ ನೇಮ್‌ಸರ್ವರ್‌ಗಳು ಮೊದಲಿನ ಹಾಗೇ ಇವೆಯಾ ಅಂತ ನೋಡಿ. ಜಾಹೀರಾತು ಪುಟ ತೋರಿಸಲು ಅವನ್ನು ಬದಲಿಸಿದ್ದರು, ಕೆಲವೊಮ್ಮೆ ತಾವಾಗಿ ವಾಪಸ್ ಬರುವುದಿಲ್ಲ. ರಿಡೆಂಪ್ಶನ್‌ನಿಂದ ಬಂದ ಹೆಸರಾದರೆ ಪತ್ರಗಳು ಯಾವ ಸರ್ವರ್‌ಗೆ ಹೋಗಬೇಕು ಅಂತ ಹೇಳುವ ಇಮೇಲ್‌ನ ಎಂಎಕ್ಸ್ ದಾಖಲೆಗಳನ್ನೂ ಒಂದೊಂದಾಗಿ ನೋಡಿ. ಸೈಟ್ ಸುರಕ್ಷಿತ ಅಂತ ಬ್ರೌಸರ್‌ಗೆ ತೋರಿಸುವ ಎಸ್‌ಎಸ್‌ಎಲ್ ಪ್ರಮಾಣಪತ್ರ ತಾನಾಗಿ ನವೀಕರಣವಾಗುವ ಹೊತ್ತಿಗೆ ಸೈಟ್ ನಿಂತಿದ್ದರೆ ಅದೂ ತಪ್ಪಿಹೋಗಿರಬಹುದು. ಬ್ರೌಸರ್ ಎಚ್ಚರಿಕೆ ತೋರಿಸಿದರೆ ಮೊದಲು ಅಲ್ಲಿ ಹುಡುಕಿ.

ಆಮೇಲೆ ಅದೇ ದಿನ ಖಾತೆಯೊಳಗೆ ಹೋಗಿ ಮೂರು ಜಾಗ ಬದಲಿಸಿ. ಸಂಪರ್ಕದ ಇಮೇಲ್ ಅದೇ ಡೊಮೈನಿನದ್ದಾಗಿರಬಾರದು. ಆಟೋ ರಿನ್ಯೂ ಆನ್ ಇರಲಿ, ಅದಕ್ಕೆ ಕೊಟ್ಟ ಕಾರ್ಡಿನ ಅವಧಿಯನ್ನೂ ನೋಡಿ. ನಮ್ಮ ಸಂಸ್ಥೆಯಲ್ಲಿ ಆಟೋ ರಿನ್ಯೂ ಆನ್ ಇತ್ತು, ಕಾರ್ಡ್ ಮಾತ್ರ ಸತ್ತಿತ್ತು, ನೆನಪಿನ ಪತ್ರಗಳು ಕೆಲಸ ಬಿಟ್ಟು ಹೋದವರ ಡಬ್ಬಿಗೆ ಬೀಳುತ್ತಿದ್ದವು. ಹಣ ಇದ್ದರೆ ಹಲವು ವರ್ಷಕ್ಕೆ ಒಟ್ಟಿಗೆ ಕಟ್ಟಿ, 10 ವರ್ಷದವರೆಗೆ ಕಟ್ಟಬಹುದು. ಡೊಮೈನ್ ಲಾಕ್ ಆನ್ ಇದೆ ಅಂತ ನಿಶ್ಚಿಂತೆಯಾಗಿರಬೇಡಿ. ಹೆಸರನ್ನು ಯಾರಾದರೂ ಕದ್ದು ಬೇರೆ ರಿಜಿಸ್ಟ್ರಾರ್‌ಗೆ ಸಾಗಿಸುವುದನ್ನು ಅದು ತಡೆಯುತ್ತದೆ, ಅವಧಿ ಮುಗಿಯುವುದನ್ನಲ್ಲ.

ಕೊನೆಯದಾಗಿ ಇಮೇಲ್. ನಿಂತಿದ್ದ ದಿನಗಳಲ್ಲಿ ಜನ ಬರೆದ ಪತ್ರಗಳು ಬಹುತೇಕ ಅವರಿಗೇ ವಾಪಸ್ ಹೋಗಿರುತ್ತವೆ. ಹೆಸರು ಬಂದ ಮೇಲೆ ಅವು ತಾವಾಗಿ ಬರುವುದಿಲ್ಲ. ನಾನು ಮಾಡಿದ್ದು ಇಷ್ಟು: ಹಿಂದಿನ ಮೂರು ತಿಂಗಳಲ್ಲಿ ಸಂಸ್ಥೆಗೆ ಬರೆದವರ ಪಟ್ಟಿ ತೆಗೆದು, ಇಂಥ ತಾರೀಖಿನಿಂದ ಇಂಥ ತಾರೀಖಿನವರೆಗೆ ನಮ್ಮ ಇಮೇಲ್ ಕೆಲಸ ಮಾಡುತ್ತಿರಲಿಲ್ಲ, ಏನಾದರೂ ಕಳಿಸಿದ್ದರೆ ದಯವಿಟ್ಟು ಇನ್ನೊಮ್ಮೆ ಕಳಿಸಿ ಅಂತ ನಾಲ್ಕು ಸಾಲು ಬರೆದೆ. ಅವತ್ತು ಸಂಜೆಯೊಳಗೆ ಹನ್ನೊಂದು ಪತ್ರ ಮತ್ತೆ ಬಂದವು.